ದೊಡ್ಡಿಯ ಲೆಕ್ಕ

ಏಣೇಲು ಪೈರು ಗದ್ದೆಯಲ್ಲಿರುವ ದಿನಗಳಲ್ಲಿ ಅನ್ಯರ ಬೇಲಿ ದಾಟಿದ ದನವನ್ನು ದೊಡ್ಡಿಗೆ ಅಟ್ಟುವ ಪದ್ಧತಿ ನಮ್ಮ ಹಿರಿಯರಿಗೆ ಚಿರಪರಿಚಿತವಾಗಿತ್ತು. ಪೈವಳಿಕೆಯು ಮದರಾಸಿನ ಆಡಳಿತಕ್ಕೊಳಪಟ್ಟ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲವದು. ಆಗ ೧೮೭೧ರ ಶಾಸನದಂತೆ ಒಡೆಯನು ದಂಡವನ್ನೂ ಮೇವಿನ ವೆಚ್ಚವನ್ನೂ ತೆತ್ತು ದನವನ್ನು ಬಿಡಿಸಿಕೊಳ್ಳಬೇಕಾಗಿತ್ತು. ಏಳು ದಿನಗಳೊಳಗೆ ಬಾರದಿದ್ದರೆ ಪ್ರಕಟಣೆ, ಆ ಬಳಿಕ ಹರಾಜು. ಆದರೆ ಆ ಶಾಸನವು ಕಾಯುತ್ತಿದ್ದುದು ಪೈರನ್ನೇ ಹೊರತು ದನವನ್ನಲ್ಲ.

ದನದ ಪಕ್ಷ ವಹಿಸಿ ಬಂದುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ. ಇದಕ್ಕಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ಭರತನಾಟ್ಯದಿಂದ ಖ್ಯಾತರಾದ ರುಕ್ಮಿಣೀದೇವಿ ಅರುಂಡೇಲರು. ಹೊಡೆದು ಬಡಿದು ಮಾಡಿದ, ಉಪವಾಸ ಕೆಡವಿದ ಮೊದಲ ಅಪರಾಧಕ್ಕೆ ಇದು ವಿಧಿಸುವ ದಂಡ ೧೦ ರೂಪಾಯಿಯಿಂದ ೫೦ ರೂಪಾಯಿ. ಇಂದು ಆ ಹಣಕ್ಕೆ ಎರಡು ಕಿಲೋ ಹಿಂಡಿಯೂ ಬಾರದು! ನಿಜವಾದ ಭಾರವಿರುವುದು ೩೫ನೆಯ ಕಲಮಿನಲ್ಲಿ. ನೊಂದ ಪ್ರಾಣಿಯನ್ನು ಸಾಗಿಸುವ, ಸಾಕುವ, ಚಿಕಿತ್ಸೆ ಮಾಡಿಸುವ ವೆಚ್ಚವನ್ನು ಜಿಲ್ಲಾ ದಂಡಾಧಿಕಾರಿಗಳು ನಿಗದಿ ಮಾಡಿದ ದರದಂತೆ ಒಡೆಯನೇ ಕೊಡತಕ್ಕದ್ದು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು. ದಂಡವು ಒಂದೇ ಬಾರಿಯದು, ಸಾಕಣೆಯ ವೆಚ್ಚವೋ ದಿನದಿನಕ್ಕೆ ಬೆಳೆಯುವಂಥದು.

ಐದನೆಯ ತರಗತಿಯಲ್ಲಿ ಭಾಗಾಕಾರ ಕಲಿಸುವಾಗ ಇದನ್ನೇ ಒಂದು ಲೆಕ್ಕವಾಗಿಸಿದೆವು. ದನದ ಬೆಲೆ ೯೦೦೦ ರೂಪಾಯಿ, ಸಾಕಣೆಗೆ ದಿನಕ್ಕೆ ೧೫೦ ರೂಪಾಯಿ ಎಂದಾದರೆ ವೆಚ್ಚವು ಬೆಲೆಗೆ ಸಮನಾಗುವುದು ಎಷ್ಟು ದಿನಗಳಲ್ಲಿ? ಅರುವತ್ತೆಂದು ಎಲ್ಲರೂ ಕೂಗಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, “ಅಷ್ಟು ದಿನ ಆದ ಮೇಲೆ ಬಿಡಿಸ್ಲಿಕ್ಕೆ ಯಾರು ಬರ್ತಾರೆ ಮಾಷ್ಟ್ರೇ? ದನ ನಮ್ಮದಲ್ಲ ಅಂತ ಹೇಳಿದ್ರೆ ಆಯ್ತಲ್ಲ?” ಎಂದಳು.

ಕಾಯಿದೆಯ ಬಲವೂ ದೌರ್ಬಲ್ಯವೂ ಆ ಒಂದು ಪ್ರಶ್ನೆಯಲ್ಲಿದೆ. ಕಿವಿಯಲ್ಲಿ ೧೨ ಅಂಕೆಗಳ ಬಿಲ್ಲೆಯಿದ್ದರೆ ಒಡೆಯನನ್ನು ಹುಡುಕಬಹುದು. ಆದರೆ ಇಲ್ಲದ ಹಣವನ್ನು ಬಿಲ್ಲೆಯು ತಂದುಕೊಡಲಾರದು. ಒಡೆಯನು ಪ್ರಾಣಿಯನ್ನು ಒಯ್ಯದಿದ್ದಲ್ಲಿ ಅದನ್ನು ಮಾರಿ, ವೆಚ್ಚ ಕಳೆದು ಉಳಿದುದನ್ನು ಆತನು ಕೇಳಿದಾಗ ಕೊಡುವ ಏರ್ಪಾಡೂ ಇದೆ. ಮುದಿ ದನಕ್ಕೆ ಗಿರಾಕಿಯೆಲ್ಲಿ?

ಲಾರಿಯಲ್ಲಿ ಹತ್ತಾರು ದನಗಳನ್ನು ಉಸಿರುಗಟ್ಟುವಂತೆ ತುಂಬಿ ಸಾಗಿಸುವವರ ವಿಷಯ ಬೇರೆ. ೨೦೧೭ರ ನಿಯಮಗಳಂತೆ ಲಾರಿಯ ಒಡೆಯ, ಕಳುಹಿಸಿದವ, ತರಿಸಿಕೊಳ್ಳುವವ ಎಲ್ಲರೂ ಒಟ್ಟಾಗಿ ಹೊಣೆಗಾರರು; ವಾಹನವೇ ಜಾಮೀನು. ಲಾಭ ಉಂಡವರು ವೆಚ್ಚ ತೆರುವುದು ನ್ಯಾಯವೆಂದೇ ನಮ್ಮ ಮತ. ಒಂದೆರಡು ಲೀಟರ್ ಹಾಲು ಕೊಡುವ ಕಾಸರಗೋಡು ಗಿಡ್ಡವೊಂದನ್ನು ನಂಬಿ ಬದುಕುವ ಬಡ ಹೆಂಗಸನ್ನೂ ಅದೇ ತಕ್ಕಡಿಯಲ್ಲಿ ತೂಗಬಹುದೇ? ಕಾಯಿದೆ ಮಾಡಿದವರು ಇದನ್ನು ಮರೆತಿಲ್ಲ. ಒಡೆಯನು ಬಡವನಾಗಿದ್ದರೆ ಚಿಕಿತ್ಸೆಯ ವೆಚ್ಚ ಬೇಡವೆಂದು ನ್ಯಾಯಾಧಿಕಾರಿಗಳು ಆಜ್ಞಾಪಿಸಬಹುದು. ಆದರೆ ರಿಯಾಯಿತಿಯ ಆ ವಾಕ್ಯದಲ್ಲಿ ಮೇವಿನ ಮಾತಿಲ್ಲ, ಸಾಗಾಟದ ಮಾತೂ ಇಲ್ಲ. ಅವೆರಡನ್ನೂ ಸೇರಿಸಿ ಆ ಖರ್ಚನ್ನು ಸಾರ್ವಜನಿಕ ನಿಧಿಯಿಂದ ಭರಿಸುವುದು ಲೇಸು. ಇಲ್ಲವಾದರೆ ಹಗ್ಗ ಬಿಚ್ಚಿ ರಾತ್ರಿಯಲ್ಲಿ ದನವನ್ನು ರಸ್ತೆಗೆ ಬಿಡುವುದೇ ಬಡವರಿಗೆ ಅಗ್ಗವೆನಿಸೀತು.

ಇಂತಹ ರಿಯಾಯಿತಿಯೊಂದಿದೆಯೆಂಬುದು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಕಾಗದಪತ್ರ ಕೈಯಲ್ಲಿ ಹಿಡಿದು ಜನ ಇಂದಿಗೂ ಮೊದಲು ಬರುವುದು ಶಾಲೆಯ ಜಗಲಿಗೆ. ಆದುದರಿಂದ ಅರ್ಜಿ ಬರೆದುಕೊಡುವ ಉಪಾಧ್ಯಾಯ ಮಿತ್ರರು ೩೫ನೆಯ ಕಲಮನ್ನು ಒಮ್ಮೆ ಓದಿಟ್ಟುಕೊಳ್ಳಬೇಕೆಂದು ಬಿನ್ನೈಸುತ್ತೇವೆ.