ಬುದ್ಧನ ಬೆನ್ನು

ಶಹಾಪುರದಲ್ಲಿದ್ದೂ ಗುಡ್ಡ ಹತ್ತಲಾರದವನಾಗುವುದೆಂದರೆ ಲಗ್ನದ ಮನೆಯಲ್ಲಿ ಪಥ್ಯದವನಾದ ಹಾಗೆ. ಎತ್ತ ತಿರುಗಿದರೂ ಕಲ್ಲುಗುಡ್ಡ. ಮಾಸ್ತರಿಕೆಯ ದಿನಗಳಲ್ಲಿ ಹುಡುಗರನ್ನು ಯಾದಗಿರಿ ಕೋಟೆಗೆ ಕರೆದೊಯ್ದರೆ ನಾನೇ ಮೊದಲು ಹತ್ತಿ, ಮೇಲಿನ ತೋಪಿನ ಹತ್ತಿರ ನಿಂತು, ಏದುಸಿರು ಬಿಡುತ್ತ ಬರುವವರನ್ನು ನೋಡಿ ನಗುತ್ತಿದ್ದೆ. ಆ ನಗೆಯನ್ನು ಮೊಣಕಾಲು ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ. ಜೊತೆಗೆ ಟೊಂಕವೂ ಸೇರಿಕೊಂಡಿದೆ.

ಊರು ಈಗ ಬೇರೆಯೇ ಕಾಣುತ್ತದೆ. ಯಾವ ಅಂಗಡಿಗೆ ಎಷ್ಟು ಮೆಟ್ಟಿಲು, ಯಾರ ಮನೆ ಮುಂದೆ ಕೂರಲು ಕಟ್ಟೆ ಇದೆ, ಎಲ್ಲ ಬಾಯಿಪಾಠ.

ಕಟ್ಟೆಯಲ್ಲಿ ಕೂತರೆ ಸಲಹೆಗಳ ಸುರಿಮಳೆ. "ಎಕ್ಕಿ ಎಲಿಗಿ ಔಡಲೆಣ್ಣಿ ಹಚ್ಚಿ, ಕಾಸಿ ಕಟ್ರಿ ಮಾಸ್ತರ್ರ." ಕಟ್ಟಿದ್ದೇನೆ. ಬೆಚ್ಚಗಿರುವಷ್ಟು ಹೊತ್ತು ಹಿತ. ಆಮೇಲೆ ನೋವು ಸಂತೆಗೆ ಹೋದವರ ಹಾಗೆ ಮನೆಗೆ ಮರಳುತ್ತದೆ. ಡಾಕ್ಟರು ಮಾತ್ರ ಲೆಕ್ಕ ಹೇಳಿದರು: ಮೈತೂಕ 1 ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ, ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ. ಗಣಿತದ ಮಾಸ್ತರನಿಗೆ ಇದು ಹಿಡಿಸಿತು. ದಿನಾ ಕುರ್ಚಿಯಲ್ಲಿ ಕೂತು, ಒಂದು ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸುತ್ತೇನೆ. ಎಣಿಸುವವಳು ಹೆಂಡತಿ. ನನ್ನ ಮುಖ ನೋಡಿ ಆರಾದ ಮೇಲೆ ಒಮ್ಮೊಮ್ಮೆ ಒಂಬತ್ತು ಅನ್ನುತ್ತಾಳೆ.

ಇಷ್ಟೆಲ್ಲ ಒಗ್ಗಿದರೂ ಪಂಕ್ತಿಯಲ್ಲಿ ಕುರ್ಚಿ ಕೇಳಲು ಬಾಯಿ ಬರುತ್ತಿರಲಿಲ್ಲ. ಎಷ್ಟೋ ಊಟ ತಪ್ಪಿಸಿ ಮನೆಗೆ ಬಂದು ತಣ್ಣನೆ ರೊಟ್ಟಿ ತಿಂದಿದ್ದೇನೆ. ಆ ನಾಚಿಕೆ ಬಿಡಿಸಿದವನು ಬುದ್ಧ. ನಮ್ಮೂರ ಗುಡ್ಡಸಾಲು ಬುದ್ಧ ಮಲಗಿದಂತೆ ಕಾಣುತ್ತದೆಂದು ಜನ ನಿಂತು ಫೋಟೊ ತೆಗೆಯುತ್ತಾರಲ್ಲ, ಅವನೇ. ಪಾಲಿ ಗ್ರಂಥಗಳಲ್ಲಿ ಒಂದು ಪ್ರಸಂಗವಿದೆ. ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸದಾಗಿ ಕಟ್ಟಿದ ಸಭಾಭವನ. ಬುದ್ಧ ರಾತ್ರಿ ಬಹಳ ಹೊತ್ತು ಮಾತಾಡಿದ. ಆಮೇಲೆ ಆನಂದನಿಗೆ, ನನ್ನ ಬೆನ್ನು ನೋಯುತ್ತಿದೆ, ಮುಂದಿನದು ನೀನು ಹೇಳು ಎಂದು, ಅಲ್ಲೇ ಬಲಮಗ್ಗುಲಾಗಿ ಒರಗಿದ. ತುಂಬಿದ ಸಭೆಯಲ್ಲಿ! ಕೊನೆಗಾಲದಲ್ಲಂತೂ ತನ್ನ 80 ವರ್ಷದ ಮೈಯನ್ನು ಪಟ್ಟಿ ಬಿಗಿದು ಹೇಗೋ ಓಡಿಸುವ ಹಳೆ ಬಂಡಿಗೆ ಹೋಲಿಸಿಕೊಂಡ. ಬಂಡಿ ಹೂಡಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಬುದ್ಧ ಅಂಗಾತ ಮಲಗಿದ್ದಾನೆ. ಟೊಂಕಕ್ಕೆ ಅದೇ ಹೆಚ್ಚು ಹಿತವೆಂದು ನನ್ನ ಅನುಭವ.

ಮೊನ್ನೆ ಒಂದು ಲಗ್ನದಲ್ಲಿ ನಾನೇ ಬಾಯಿ ಬಿಟ್ಟೆ: "ತಮ್ಮಾ, ಒಂದ್ ಕುರ್ಚಿ ತಾರಪ್ಪ, ಕೆಳಗ ಕುಂದ್ರಾಕ ಆಗಂಗಿಲ್ಲ." ಹುಡುಗ ತಂದಿಟ್ಟ. ಪಂಕ್ತಿಯಿಂದ ಇನ್ನೂ ಮೂರು ದನಿ ಎದ್ದವು: "ನಮಗೂ ಒಂದೊಂದು."

ನೀವು ಶಹಾಪುರದ ಕಡೆ ಬಂದರೆ ಬುದ್ಧನನ್ನು ನೋಡಲು ಗುಡ್ಡ ಹತ್ತಬೇಡಿ. ಹತ್ತಿರ ಹೋದರೆ ಬರೀ ಬಂಡೆ; ದೂರದ ರಸ್ತೆಯಲ್ಲಿ ನಿಂತರೇ ಅವನು ಕಾಣುವುದು.