ಅಕ್ಷರವೂ ಆಕಾರವೂ

ಗೃಹಸ್ಥನ ತಾಳ್ಮೆಯನ್ನು ಪರೀಕ್ಷಿಸುವ ವಸ್ತುಗಳು ಹಿಂದೆ ಕೆಲವೇ ಇದ್ದವು: ಹಸಿಯ ಕಟ್ಟಿಗೆ, ಸೋರುವ ಮಾಳಿಗೆ, ಹೇಳಿದ ದಿನಕ್ಕೆ ಒಡವೆ ಕೊಡದ ಅಕ್ಕಸಾಲಿಗ. ಈಗ ಆ ಪಂಕ್ತಿಯಲ್ಲಿ ಗಣಕಯಂತ್ರವೂ ಬಂದು ಕುಳಿತಿದೆ. ಧಾರವಾಡದ ಮಳೆಗಾಲದಲ್ಲಿ ನಾವು ಲೇಖನದ ಕಡೆಯ ವಾಕ್ಯಕ್ಕೆ ಬಂದಾಗಲೇ ವಿದ್ಯುತ್ತು ಹೋಗುವದು. ಪುಣೆಯಲ್ಲಿರುವ ಮಗಳು ಪರದೆಯ ಮೇಲೆ ಮುಖದೋರುವ ಹೊತ್ತಿಗೇ ಯಂತ್ರವು ತನ್ನನ್ನು ತಾನು ನವೀಕರಿಸಿಕೊಳ್ಳಲು ತೊಡಗುವದು. ಸೇವೆಯ ಕಡೆಯ ವರುಷಗಳಲ್ಲಿ ಹುಡುಗರ ಅಂಕಗಳನ್ನು ಜಾಲತಾಣದಲ್ಲಿ ತುಂಬುವದಕ್ಕಾಗಿ, ದಟ್ಟಣೆ ಕಡಿಮೆಯಾಗುವ ನಡುರಾತ್ರಿಯವರೆಗೆ ನಾವು ಎಚ್ಚರವಿದ್ದುದುಂಟು. ಇವೆಲ್ಲ ನೊಣದ ಕಾಟದಂಥವು, ಬೀಸಿದರೆ ಹೋಗುವವು. ಆದರೆ ಮನೆತನಕ್ಕೇ ನಷ್ಟವನ್ನು ತರಬಲ್ಲ ತೊಡಕೊಂದು ಬೇರೆಯೇ ಇದೆ. ಅದನ್ನೂ, ಅದರ ಪರಿಹಾರದಲ್ಲಿ ನಮಗೆ ದೊರೆತ ಸಂತೋಷವನ್ನೂ ವಾಚಕರ ಮುಂದಿಡಬೇಕೆಂದು ಈ ಪ್ರಸ್ತಾವ.

ಇಪ್ಪತ್ತು ವರುಷಗಳ ಹಿಂದೆ ಗಣಕದಲ್ಲಿ ಬರೆದಿಟ್ಟ ಕನ್ನಡ ಕಡತವನ್ನು ಇಂದು ತೆರೆದರೆ, ಹಲವು ಸಲ ಅಲ್ಲಿ ಕನ್ನಡವೇ ಕಾಣದು. ಇಂಗ್ಲಿಷಿನ ಅಕ್ಷರಗಳು ತಲೆಯ ಮೇಲೆ ಚುಕ್ಕೆ, ಗೆರೆಗಳನ್ನು ಹೊತ್ತು, ಜಾತ್ರೆಯಲ್ಲಿ ದಾರಿ ತಪ್ಪಿದವರಂತೆ ನಿಂತಿರುತ್ತವೆ. ಕಾರಣವು ಸರಳವಾಗಿದೆ. ಯಂತ್ರಕ್ಕೆ ಅಕ್ಷರವೆಂದರೆ ಒಂದು ಅಂಕೆ. ಆಗಿನ ಪದ್ಧತಿಯಲ್ಲಿ ಒಟ್ಟು 256 ಮನೆಗಳಿದ್ದು, ಅವು ರೋಮನ್ ಲಿಪಿಗೆಂದು ಕಟ್ಟಿದವು. ಕನ್ನಡವು ಆ ಮನೆಗಳಲ್ಲಿ ಬಾಡಿಗೆಗೆ ಹೊಕ್ಕಿತು. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಮುಂತಾದ ಲಿಪಿಯ ತುಂಡುಗಳನ್ನು ಒಂದೊಂದು ಮನೆಯಲ್ಲಿ ಇರಿಸಿದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನೂ ಹೀಗೆಯೇ ತುಂಡುತುಂಡಾಗಿ ಜೋಡಿಸುತ್ತಿದ್ದನಷ್ಟೆ. ಆದರೆ ಒಬ್ಬರು ಕೊಂಬನ್ನಿಟ್ಟ ಮನೆಯಲ್ಲಿ ಮತ್ತೊಬ್ಬರು ಒತ್ತನ್ನಿಟ್ಟರು. ಬರೆದಾಗ ಬಳಸಿದ ಫಾಂಟು ಯಂತ್ರದಲ್ಲಿ ಇಲ್ಲವಾದರೆ ಬಾಡಿಗೆಯವರು ಮರೆಯಾಗಿ, ಮನೆಯ ಮೂಲ ಒಡೆಯರೇ ಬಾಗಿಲಿಗೆ ಬರುತ್ತಾರೆ. ಹಾಗೆಂದು ಆ ಕಾಲದವರನ್ನು ನಿಂದಿಸಲಾಗದು. 1998 ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವೂ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದುದರಿಂದಲೇ ಕನ್ನಡವು ಗಣಕದ ಮೂಲಕ ಸಾಮಾನ್ಯರ ಮನೆಯನ್ನು ಹೊಕ್ಕಿತು. ಮುಂದೆ ಅವೆರಡೂ ಯೂನಿಕೋಡೆಂಬ ಹೊಸ ಪದ್ಧತಿಯನ್ನು ಅಂಗೀಕರಿಸಿದವು.

ಈ ತೊಡಕಿನ ಬಿಸಿ ನಮ್ಮ ಮನೆಗೂ ತಟ್ಟಿತು. ನಮ್ಮ ಅಕ್ಕನವರು 2004 ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ ಕನ್ನಡ ಬೆರಳಚ್ಚನ್ನು ಕಲಿತು, ತಾಯಿಯವರ ಬಾಯಿಂದ ಕೇಳಿದ ಅಡಿಗೆ, ಮನೆಮದ್ದು, ಹಬ್ಬದ ಕಟ್ಟಳೆಗಳನ್ನು ಗಣಕದಲ್ಲಿ ಬರೆದಿಟ್ಟಿದ್ದರು. ಈಗ ತಾಯಿಯವರೂ ಇಲ್ಲ, ಅಕ್ಕನವರೂ ಇಲ್ಲ. ಕಾಗದದ ಪ್ರತಿಯನ್ನು ಗೆದ್ದಲು ತಿಂದಿತ್ತು. ಹೋದ ಶ್ರಾವಣದಲ್ಲಿ ಮನೆಯವರು ಪಂಚಮಿಯ ತಂಬಿಟ್ಟಿನ ಪ್ರಮಾಣವನ್ನು ನೋಡಬೇಕೆಂದಾಗ ಆ ಕಡತವನ್ನು ತೆರೆದೆವು. ನಲವತ್ತು ಪುಟಗಳಲ್ಲಿ ಒಂದು ಶಬ್ದವೂ ಓದಬರಲಿಲ್ಲ. ಮನೆಯವರು ಬಹಳ ಹೊತ್ತು ಸುಮ್ಮನಿದ್ದು, "ಇದ್ದೂ ಇಲ್ಲದಂಗಾತಲ್ರೀ" ಎಂದರು.

ಕಡತವನ್ನು ಮಗಳಿಗೆ ಕಳುಹಿಸಿದೆವು. ಮರುದಿನ ಅವಳ ಕರೆ ಬಂದಿತು: "ಅಪ್ಪಾ, ಏನೂ ಹೋಗಿಲ್ಲ. ಒಳಗ ಎಲ್ಲಾ ಹಂಗ ಅದ. ಯಾವ ಫಾಂಟು ಅಂತ ಗೊತ್ತಾತು. ಯೂನಿಕೋಡಿಗೆ ತಿರುಗಿಸಿ ಕಳಿಸೇನಿ, ನೋಡ್ರಿ." ಹಳೆಯ ಮನೆಗಳ ಅಂಕೆಗಳನ್ನು ಹೊಸ ಅಂಕೆಗಳಿಗೆ ಬದಲಿಸುವ ಪರಿವರ್ತಕವೆಂಬ ತಂತ್ರಾಂಶವು ಇದೆಯಂತೆ. ಅದರಿಂದ ಬಂದ ಬರಹದಲ್ಲಿ ಅಲ್ಲಲ್ಲಿ ಒತ್ತುಗಳು ಸ್ಥಾನ ತಪ್ಪಿದ್ದವು. ತಿದ್ದಲು ಎಂಟು ದಿನ ಹಿಡಿಯಿತು. ಜೀವಮಾನವೆಲ್ಲ ಹುಡುಗರ ಪುಸ್ತಕಗಳನ್ನು ತಿದ್ದಿದ ನಮಗೆ ಇಷ್ಟು ಪ್ರಿಯವಾದ ತಿದ್ದುವಿಕೆಯು ಬೇರೆ ದೊರೆತಿರಲಿಲ್ಲ. ಗುರೆಳ್ಳು ಚಟ್ನಿಯ ಕೆಳಗೆ ಅಕ್ಕನವರು, "ಅವ್ವ ಬಳ್ಳೊಳ್ಳಿ ಹಾಕತಿದ್ದಿಲ್ಲ, ನಾ ಹಾಕತೇನಿ" ಎಂದು ಬರೆದಿದ್ದರು. ಅಂದಿನಿಂದ ನಮ್ಮ ಮನೆಯ ಚಟ್ನಿಗೂ ಬೆಳ್ಳುಳ್ಳಿ ಬೀಳುತ್ತಿದೆ.

ಈ ತಿದ್ದುವಿಕೆಯ ನೆವದಿಂದ ಹೊಸ ಪದ್ಧತಿಯ ಮರ್ಮವನ್ನು ತಿಳಿಯುವ ಆಸೆಯಾಯಿತು. ಯೂನಿಕೋಡಿನ ಮೊದಲ ಆವೃತ್ತಿಯು 1991 ರಲ್ಲಿ ಪ್ರಕಟವಾಯಿತು. ಅದರಲ್ಲಿಯೇ ಕನ್ನಡಕ್ಕೆ ಸ್ವಂತದ ಓಣಿಯೊಂದು ದೊರೆಯಿತು. 3200 ರಿಂದ 3327 ರ ವರೆಗಿನ 128 ಮನೆಗಳು ನಮ್ಮವು. ಕಕಾರದ ಅಂಕೆ 3221, ಖಕಾರದ್ದು 3222. ಹೀಗೆ ವರ್ಣಮಾಲೆಯ ಕ್ರಮದಲ್ಲಿಯೇ ಮುಂದುವರಿಯುವದು. ಆದರೆ ವ್ಯಾಕರಣವನ್ನೋದಿದವನಿಗೆ ಇದಕ್ಕಿಂತ ಹೆಚ್ಚಿನ ಸಂತೋಷವನ್ನು ಕೊಡುವ ಸಂಗತಿಯೆಂದರೆ, ಇಲ್ಲಿ ಆಕಾರಕ್ಕಿಂತ ಉಚ್ಚಾರಕ್ಕೇ ಪ್ರಾಧಾನ್ಯವಿರುವದು. 'ಧರ್ಮ' ಎಂಬ ಶಬ್ದವನ್ನೇ ನೋಡಿರಿ. ಕಣ್ಣಿಗೆ ಮೊದಲು ಮಕಾರವು ಕಂಡು, ಅದರ ಬಲಕ್ಕೆ ಅರ್ಕಾವತ್ತು ಕಾಣುವದು. ಕಿವಿಗಾದರೋ ಮೊದಲು ಕೇಳುವದು ರೇಫವೇ. ತುಂಡು ಜೋಡಿಸುವ ಪದ್ಧತಿಯು ಕಣ್ಣನ್ನು ನಂಬಿ ರೇಫದ ಗುರುತನ್ನು ಕಡೆಗಿಟ್ಟಿತು. ಯೂನಿಕೋಡು ಕಿವಿಯನ್ನು ನಂಬಿ ಧ, ರ, ಹಲಂತದ ಚಿಹ್ನೆ, ಮ ಎಂದು ಉಚ್ಚಾರದ ಅನುಕ್ರಮದಲ್ಲಿ ಇರಿಸುವದು. ಪಾಣಿನಿಯ ಶಾಸ್ತ್ರಕ್ಕೆ ತಳಹದಿಯಾದ 14 ಮಾಹೇಶ್ವರ ಸೂತ್ರಗಳೂ ಧ್ವನಿಗಳ ಪಟ್ಟಿಯೇ ಹೊರತು ಲಿಪಿಯ ಗೊಡವೆ ಅಲ್ಲಿಲ್ಲ. ಅಕ್ಷರವೆಂದರೆ ನಾಶವಿಲ್ಲದ್ದೆಂದು ನಾವು ತರಗತಿಯಲ್ಲಿ ಅರ್ಥ ಹೇಳುತ್ತಿದ್ದೆವು. ಆಕಾರವನ್ನು ನೆಚ್ಚಿದ ಬರಹವು ಇಪ್ಪತ್ತು ವರುಷಕ್ಕೇ ಓದಬಾರದಾಯಿತು. ಉಚ್ಚಾರವನ್ನು ನೆಚ್ಚಿದ್ದು ಫಾಂಟು ಬದಲಾದರೂ ಓದಬರುತ್ತಿದೆ.

ಬೇಸಗೆಯ ರಜೆಗೆ ಬಂದ ಮೊಮ್ಮಗನಿಗೆ ಕನ್ನಡ ಬೆರಳಚ್ಚನ್ನು ಕಲಿಸಿದೆವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ ಕಕಾರವೂ ಖಕಾರವೂ ಒಂದೇ ಕೀಲಿಯಲ್ಲಿವೆ. ಮಹಾಪ್ರಾಣಕ್ಕೆ ಶಿಫ್ಟ್ ಕೀಲಿಯನ್ನು ಕೂಡಿಸಿ ಒತ್ತಬೇಕು. ಒತ್ತಕ್ಷರಕ್ಕೆ ನಡುವೆ 'ಎಫ್' ಕೀಲಿ. ಹುಡುಗನು ಪುಣೆಯ ರೂಢಿಯಂತೆ "ಅಜ್ಜಾ, ದ್ನ್ಯಾನದ 'ದ್ನ್ಯ' ಎಲ್ಲಿ ಅದ?" ಎಂದು ಕೇಳಿದನು. ಜಕಾರವನ್ನೊತ್ತಿ, 'ಎಫ್' ಒತ್ತಿ, ಆಮೇಲೆ ಞಕಾರವನ್ನೊತ್ತೆಂದೆವು. 'ಜ್ಞ' ಮೂಡಿತು. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದನು. ಞಕಾರವು ಹೋಗಿ 'ಜ್' ಉಳಿಯಿತು. "ಅಯ್ಯ, ಒಳಗ 'ಜ' ಕೂತದಲ್ಲ!" ಎಂದು ಕುಣಿದನು. ನಾವು ಹಲವು ವರುಷ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ಸಂಯುಕ್ತಾಕ್ಷರವನ್ನು ಈ ಹುಡುಗನು ಒಂದು ಕೀಲಿಯಿಂದ ಬಿಡಿಸಿ ಕಂಡನು. ಅಂದು ಯಂತ್ರದ ಮೇಲಿದ್ದ ನಮ್ಮ ಮುನಿಸು ಅರ್ಧಕ್ಕಿಳಿಯಿತು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಮನೆಯ ಹಳೆಯ ಗಣಕದಲ್ಲಿಯೋ ಸಿ.ಡಿ.ಯಲ್ಲಿಯೋ ಹಿರಿಯರ ಕನ್ನಡ ಕಡತಗಳಿದ್ದರೆ ಇಂದೇ ತೆರೆದು ನೋಡಿರಿ. ಓದಬಾರದೆಂದು ಅಳಿಸಬೇಡಿರಿ. ಮೂಲವನ್ನು ಹಾಗೆಯೇ ಕಾಪಾಡಿ, ಅದರ ಪ್ರತಿಯೊಂದನ್ನು ಮಾತ್ರ ಪರಿವರ್ತಿಸಿರಿ. ಫಾಂಟಿನ ಹೆಸರು ತಿಳಿದಿದ್ದರೆ ಬರೆದಿಡಿರಿ. ತಿದ್ದುವಾಗ ಅರ್ಕಾವತ್ತು, ಒತ್ತುಗಳ ಕಡೆಗೆ ವಿಶೇಷ ಲಕ್ಷ್ಯವಿರಲಿ. ಗೆದ್ದಲು ಹತ್ತದ ಕಡೆಗೆ ಕಾಗದದ ಪ್ರತಿಯೊಂದೂ ಇರಲಿ. ಇದೆಲ್ಲವನ್ನೂ ಮನೆಯಲ್ಲಿ ತಿಳಿದ ಹಿರಿಯರಿರುವಾಗಲೇ ಮಾಡುವದು ಲೇಸು. ಯಂತ್ರವು ಒತ್ತನ್ನು ತನ್ನ ಸ್ಥಾನಕ್ಕೆ ತರಬಲ್ಲದು. 'ಒಂದು ಗಿದ್ನ' ಎಂದರೆ ಅಡಿಗೆಮನೆಯ ಯಾವ ಪಾತ್ರೆಯ ಅಳತೆ ಎಂಬುದನ್ನು ಅಜ್ಜಿಯೇ ಹೇಳಬೇಕು.