ನಂಬರು ಹಾಕದ ಚೀಟಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಂಡದ್ದು, ಕೇಳಿದ್ದು ಎಲ್ಲ ಬರೆದಿಡುವ ಚಟ. ಇಪ್ಪತ್ತೆರಡು ನೋಟ್‌ಬುಕ್ ತುಂಬಿವೆ. ಆದರೆ ಎಂಟನೇ ಕ್ಲಾಸಿನ ಮೊಮ್ಮಗಳು, "ತಾತ, ನಿಮ್ಮೂರ ಕೆರೆ ಬಗ್ಗೆ ಬರೆದಿದ್ದೀರಲ್ಲ, ಪ್ರಾಜೆಕ್ಟಿಗೆ ಕೊಡಿ" ಅಂದಾಗ ಎರಡು ದಿನ ಹುಡುಕಿದರೂ ಸಿಗಲಿಲ್ಲ. ಬರೆದದ್ದು ನೆನಪಿದೆ, ಎಲ್ಲಿ ಎಂಬುದು ಮರೆತಿದೆ. ಈ ವಯಸ್ಸಿನಲ್ಲಿ ಹಾಗಾದರೆ ಸ್ವಲ್ಪ ಭಯವೇ ಆಗುತ್ತದೆ.

ಅವಳು ಲ್ಯಾಪ್‌ಟಾಪಿನಲ್ಲಿ 'ಅಬ್ಸಿಡಿಯನ್' ಎಂಬ ಆ್ಯಪ್ ತೋರಿಸಿದಳು. ಒಂದು ಟಿಪ್ಪಣಿಯೊಳಗೆ ಇನ್ನೊಂದರ ಹೆಸರನ್ನು ಜೋಡಿ ಚೌಕ ಕಂಸದಲ್ಲಿ ಬರೆದರೆ ಕೊಂಡಿ ಬೀಳುತ್ತದೆ. ಒತ್ತಿದರೆ ಅದು ತೆರೆಯುತ್ತದೆ.

"ಇದು ನಮಗೆ ಹಳೇದು ಕಣೇ! ಜರ್ನಲ್‌ನಲ್ಲಿ ಲೆಡ್ಜರ್ ಫೋಲಿಯೊ ಅಂತ ಒಂದು ಕಾಲಂ. ಅಲ್ಲಿನ ಪುಟಸಂಖ್ಯೆ ಹಿಡಿದು ನೇರ ಖಾತೆಗೆ ಹೋಗುತ್ತಿದ್ದೆವು" ಅಂದೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927-1998) ಇದನ್ನು ಬರೀ ಕಾಗದದಲ್ಲೇ ಮಾಡಿದರು. ಅವರು ಬರೆದಿಟ್ಟ ಚೀಟಿಗಳು ಸುಮಾರು 90,000! ಪ್ರತಿ ಚೀಟಿಗೂ ಒಂದು ನಂಬರು. ಅದಕ್ಕೆ ಸಂಬಂಧಿಸಿದ ಬೇರೆ ಚೀಟಿಯ ನಂಬರೂ ಅದರಲ್ಲೇ. 21ರ ವಿಚಾರ ಬೆಳೆದರೆ ಅದರ ಹಿಂದೆ 21ಅ.

ನಾನೂ ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ ಕತ್ತರಿಸಿ ಕೂತೆ. ಒಂದು ಚೀಟಿಗೆ ಒಂದೇ ವಿಚಾರ. ಬೇರೆ ಚೀಟಿಗೆ ಹೋಗಬೇಕಾದ ಹೆಸರಿನಡಿ ಗೆರೆ, ಪಕ್ಕದಲ್ಲಿ ಅದರ ನಂಬರು. ನೋಟ್‌ಬುಕ್ಕುಗಳಿಂದ ಇಳಿಸುತ್ತ ಹೋದಂತೆ ಕೆರೆಯೂ ಸಿಕ್ಕಿತು.

ಚೀಟಿ ಜೋಡಿಸುತ್ತಿದ್ದ ಮೊಮ್ಮಗಳು ಕೇಳಿದಳು: "ತಾತ, ಹನ್ನೊಂದು ಚೀಟಿಯಲ್ಲಿ ಅಜ್ಜಿ ಹೆಸರಿಗೆ ಗೆರೆ ಎಳೆದಿದ್ದೀರಿ. ಒಂದರಲ್ಲೂ ನಂಬರಿಲ್ಲ. ಅಜ್ಜಿ ಚೀಟಿ ಎಲ್ಲಿ?"

ನನ್ನ ಬಳಿ ಉತ್ತರವಿರಲಿಲ್ಲ. ಫೋಲಿಯೊ ಕಾಲಂ ಖಾಲಿ ಇದ್ದರೆ ಖಾತೆಗೆ ಇನ್ನೂ ಪೋಸ್ಟಿಂಗ್ ಆಗಿಲ್ಲ ಎಂದರ್ಥ. ಅದನ್ನು ನಾನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೆ.

ಅಡುಗೆಮನೆಗೆ ಹೋದೆ. ನನ್ನಾಕೆ ಅವರೆಕಾಯಿ ಸುಲಿಯುತ್ತಿದ್ದಳು.

"ನೀನು ಚಿಕ್ಕಂದಿನಲ್ಲಿ ಶಾಲೆಗೆ ಎಷ್ಟು ದೂರ ಹೋಗುತ್ತಿದ್ದೆ?"

"ಮದುವೆಯಾಗಿ ನಲವತ್ತೆಂಟು ವರ್ಷಕ್ಕೆ ಕೇಳ್ತಿದ್ದೀರಲ್ರೀ!" ಎಂದು ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: "ಹಳ್ಳ ದಾಟಿ ಎರಡು ಮೈಲಿ. ಏಳನೇ ಕ್ಲಾಸಿಗೇ ಬಿಡಿಸಿಬಿಟ್ಟರು. ಲೆಕ್ಕದಲ್ಲಿ ನಾನೇ ಫಸ್ಟು."

ಲೆಕ್ಕದಿಂದಲೇ ಅನ್ನ ಉಂಡ ನನಗೆ ಮನೆಯೊಳಗಿನ ಈ ಲೆಕ್ಕ ಗೊತ್ತೇ ಇರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಕಾಯಿ ಸುಲಿದೆ. ಅವಳು ಹೇಳುತ್ತ ಹೋದಳು, ಮೊಮ್ಮಗಳು ಬರೆಯುತ್ತ ಹೋದಳು.

ಮಕ್ಕಳೇ, ನೀವೂ ಒಂದು ಚೀಟಿ ಬರೆದು ನೋಡಿ. ಅದರಲ್ಲಿ ಬಂದ ಹೆಸರಿಗೆ ಗೆರೆ ಎಳೆದು, ಅವರ ಪಕ್ಕ ಹೋಗಿ ಕೂತುಕೊಳ್ಳಿ. ನಮ್ಮ ಮನೆಯಲ್ಲಿ ಅಜ್ಜಿಗೆ ಒಂದು ಚೀಟಿ ಸಾಲಲಿಲ್ಲ. ಸಂಜೆಯೊಳಗೆ 41ರಿಂದ 41ಊವರೆಗೆ ಏಳು ಚೀಟಿಗಳಾದವು.